ಹತ್ತು ಹೆಜ್ಜೆ ಹಿಂದೆ

"ಹೋದ್ ತಿಂಗ್ಳು ಕೊಟ್ಟಿದ್ ರಕ್ತ ಏನ್ಮಾಡಿದ್ರಿ ಮೇಡಮ್ಮೋರೆ, ಚೆಲ್ಲಿಬಿಟ್ರಾ?" ಎನ್ನುತ್ತಲೇ ಮುದ್ದಪ್ಪ ಅಂಗಿಯ ತೋಳು ಮೇಲೇರಿಸಿದ.

"ಚೆಲ್ಲಿಲ್ಲ ಮುದ್ದಪ್ಪನೋರೆ. ನಮ್ಮಲ್ಲೇ ಏನೋ ಎಡವಟ್ಟಾಗಿರ್ಬೇಕು," ಎಂದು ಪಲ್ಲವಿ ಸೂಜಿ ತೆಗೆದಳು.

ಆ ಎಡವಟ್ಟಿನ ತಲೆಬುಡ ಅವಳಿಗೇ ತಿಳಿದಿರಲಿಲ್ಲ. ಹೊಳಲ್ಕೆರೆಯ ಕಿರಾಣಿ ಅಂಗಡಿಯವರ ಮಗಳು; ಮೆದುಳಿನ ರೋಗಗಳಿಗೆ ಆರ್‌ಎನ್‌ಎ ಔಷಧಿ ಹುಡುಕುವ ಪ್ರಯೋಗಾಲಯದಲ್ಲಿ ವಿಜ್ಞಾನಿ. ಒಂದು ವಿಷಯ ಬಗೆಹರಿಯದಿದ್ದರೆ ಅನ್ನ ಸೇರದ ಜಾಯಮಾನ. ಹರಿಯಬ್ಬೆ ಎಂಬ ಊರಿನ ಈ ಮನೆ ಅವಳ ಊಟ ಕೆಡಿಸಿ ಇಪ್ಪತ್ತು ದಿನವಾಗಿತ್ತು.

ಮುದ್ದಪ್ಪನ ಮಗ ಮಲ್ಲೇಶ್ ಗಾರೆ ಕೆಲಸದವನು. ಗೋಡೆಯ ಮೇಲೆ ಬೆಕ್ಕಿನಂತೆ ಓಡಾಡುತ್ತಿದ್ದವನು ಎರಡು ವರ್ಷದಿಂದ ನೆಲದ ಮೇಲೇ ತೂರಾಡುತ್ತಿದ್ದ. ಅದು ವಂಶದಲ್ಲಿ ಇಳಿದು ಬರುವ ಕಾಯಿಲೆ. ಆದರೆ ಮುದ್ದಪ್ಪನ ರಕ್ತದಲ್ಲಿ ಅದರ ಸುಳಿವಿಲ್ಲ, ಹೆಂಡತಿ ಈರಕ್ಕನ ರಕ್ತದಲ್ಲೂ ಇಲ್ಲ. ಪಲ್ಲವಿ ಮೂರು ಸಲ ಪರೀಕ್ಷೆ ಮಾಡಿದಳು. ಸಹಾಯಕರ ಮೇಲೆ ರೇಗಿದಳು, ಆಮೇಲೆ ತನ್ನ ಮೇಲೇ ರೇಗಿಕೊಂಡಳು. ಟ್ಯೂಬುಗಳು ಅದಲುಬದಲಾಗಿವೆ ಎಂದೇ ತೀರ್ಮಾನಿಸಿ ಇಲ್ಲಿಗೆ ಓಡಿಬಂದಿದ್ದಳು.

"ಅಷ್ಟಕ್ಕೂ ನಮ್ ರಕ್ತ ಯಾಕ್ರಿ? ಕಾಯ್ಲೆ ಇರೋದು ಅವ್ನಿಗೆ," ಎಂದ ಮುದ್ದಪ್ಪ.

"ನಮ್ ಒಳಗೆ ಒಂದು ಮೂಲ ಪತ್ರ ಐತೆ ಅನ್ಕಳ್ರಿ. ಮೆದುಳು ಕೆಲ್ಸ ಮಾಡೋದು ಅದ್ರ ನಕಲು ನೋಡ್ಕಂಡು. ಆ ನಕಲೇ ಆರ್‌ಎನ್‌ಎ. ಮಲ್ಲೇಶಣ್ಣಂದು ತಪ್ಪು ನಕಲು. ಅದನ್ನ ದಾರೀಲೇ ತಡೆಯೋ ಔಷಧಿ ನಮ್ದು. ಆದ್ರೆ ಎಲ್ರಿಗೂ ಎರಡು ಪತ್ರ, ಅಪ್ಪಂದೊಂದು, ಅವ್ವಂದೊಂದು. ಯಾವುದು ಯಾರ್ದು ಅಂತ ಗೊತ್ತಿಲ್ದೆ ಕೈ ಹಾಕಿದ್ರೆ ಒಳ್ಳೇದೂ ಕೆಡ್ತೈತೆ."

"ಗೊತ್ತಾಗ್ಲಿಲ್ಲ ಅಂದ್ರೆ?"

"ಅಣ್ಣನ್ನ ಈ ಔಷಧಿ ಪ್ರಯೋಗಕ್ಕೆ ಸೇರಿಸ್ಕಳಕ್ಕಾಗಲ್ಲ." ಪಲ್ಲವಿ ಟ್ಯೂಬಿಗೆ ಚೀಟಿ ಅಂಟಿಸಿದಳು. "ತಪ್ಪು ತಿಳ್ಕಬ್ಯಾಡ್ರಿ. ಮನೇಲಿ ದತ್ತು ಗಿತ್ತು ಏನಾದ್ರೂ..."

"ಅಂಥದ್ದೇನಿಲ್ರಿ. ಮಲ್ಲೇಶ ನನ್ ಮಗ."

ಮುದ್ದಪ್ಪನ ಮುಖದಲ್ಲಿ ಸುಳ್ಳಿನ ಗೆರೆಯೇ ಇರಲಿಲ್ಲ. ಆದರೆ ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅವನ ತಂಗಿ ಹೊನ್ನಕ್ಕನ ಕೈ ನಿಂತಿತ್ತು. ಗಂಡ ಸತ್ತ ಮೇಲೆ ತವರಿಗೆ ಬಂದವಳು ಆಕೆ. ಪಲ್ಲವಿ ಅದನ್ನು ನೋಡಿ, ಟ್ಯೂಬುಗಳನ್ನು ಪೆಟ್ಟಿಗೆಗೆ ಹಾಕಿಕೊಂಡು ಹೊರಬಂದಳು.

ಪಲ್ಲವಿಯ ಜೀಪು ನಿಂತಿದ್ದ ಬೇವಿನ ಮರದ ಹತ್ತಿರಕ್ಕೆ ಹೊನ್ನಕ್ಕ ಏದುಸಿರು ಬಿಡುತ್ತ ಬಂದಳು.

"ನನ್ ರಕ್ತ ತಗಳವ್ವ."

"ನೀವು ಮಲ್ಲೇಶಣ್ಣಂಗೆ ಅತ್ತೆ ಆಗ್ಬೇಕಲ್ವಾ?"

"ಅತ್ತೇನೇ. ಹೆತ್ತಿದ್ದೂ ನಾನೇ."

ಮೂರು ತಿಂಗಳ ಕೂಸನ್ನು ಮಕ್ಕಳಿಲ್ಲದ ಅಣ್ಣ ಅತ್ತಿಗೆಯ ಮಡಿಲಿಗೆ ಹಾಕಿ, ಎಲೆ ಅಡಿಕೆ ಕೊಟ್ಟು, ಇನ್ನು ಮಗ ಎನ್ನುವುದಿಲ್ಲ ಎಂದು ಮಾತು ಕೊಟ್ಟಿದ್ದಳಂತೆ. ನಲವತ್ತೊಂದು ವರ್ಷ ಆ ಮಾತು ಮುರಿದಿರಲಿಲ್ಲ. ಅಣ್ಣ ಸುಳ್ಳು ಹೇಳಿಯೇ ಇರಲಿಲ್ಲ; ಮಡಿಲಿಗೆ ಬಿದ್ದ ಮಗ ಅವನ ಪಾಲಿಗೆ ಮಗನೇ. ರಕ್ತಕ್ಕೆ ಇದೆಲ್ಲ ತಿಳಿಯುವುದಿಲ್ಲ ಎಂದು ಯಾರಿಗೆ ಗೊತ್ತಿತ್ತು?

"ನಮ್ಮನೆಯೋರು ಓಬಳೇಶಪ್ಪ ಅಂತ. ಅವ್ರೂ ಹಿಂಗೇ ತೂರಾಡ್ತಿದ್ರು, ಕುಡ್ದು. ಅಂಥೋರ ಕೈಯಾಗೆ ಕೂಸು ಹಾಳಾಗ್ತೈತೆ ಅಂತ ಕೊಟ್ಬಿಟ್ಟೆ."

ಪಲ್ಲವಿಗೆ ತಡೆಯಲಾಗಲಿಲ್ಲ. "ವಾಸ್ನೆ ಬರ್ತಿತ್ತಾ?"

ಹೊನ್ನಕ್ಕ ಇಲ್ಲವೆಂದು ತಲೆಯಾಡಿಸಿದಳು.

"ಒಂದಿನಾನೂ ಇಲ್ಲ. ವಾಸ್ನೆ ಬರ್ದಂಗೆ ಕುಡಿಯಕ್ಕೆ ಕಲ್ತವ್ರೆ ಅನ್ಕಂಡಿದ್ದೆ. ಕುಡಿಯಲ್ಲ ಕಣೇ ಅಂತ ದೇವರ ಮುಂದೆ ಆಣೆ ಇಟ್ರೂ ನಂಬ್ಲಿಲ್ಲ. ಸಂತೆಗೆ ಹೋದ್ರೆ ನಾಚ್ಕೆ ಆಗಿ ಹತ್ತು ಹೆಜ್ಜೆ ಹಿಂದೆ ನಡೀತಿದ್ದೆ, ಯಾರೋ ಏನೋ ಅನ್ನಂಗೆ."

ಒಗಟು ಬಿಡಿಸಿಕೊಂಡ ಖುಷಿ ಪಲ್ಲವಿಯ ಎದೆಯಲ್ಲಿ ಉಕ್ಕಿತ್ತು. ಈ ರಕ್ತದಿಂದ ಅವ್ವನ ಪತ್ರ ಯಾವುದೆಂದು ತಿಳಿದರೆ ಉಳಿದದ್ದು ಅಪ್ಪನದು, ಅಷ್ಟೇ! ಮುದುಕಿಯ ಮುಖ ನೋಡಿದ ಮೇಲೆ ಆ ಖುಷಿಗೆ ನಾಚಿಕೆಯಾಯಿತು.

"ಅದು ಕುಡಿತ ಅಲ್ಲಮ್ಮ," ಎಂದಳು ಮೆಲ್ಲಗೆ. "ಅವ್ರಿಗೂ ಇದೇ ಕಾಯ್ಲೆ ಇದ್ದಿರ್ಬೇಕು."

ಹೊನ್ನಕ್ಕ ತೋಳು ಚಾಚಿದಳು. ಸೂಜಿ ಚುಚ್ಚಿದಾಗ ಅತ್ತಳು. ಅದು ಸೂಜಿಯ ನೋವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಹೆಸ್ರು ಬರೀಬ್ಯಾಡ ಕಣವ್ವ. ಮಾತು ಕೊಟ್ಟೀನಿ."

"ಬರೀ ನಂಬರ್ ಹಾಕ್ತೀನಿ. ನನ್ ಬಾಯಿಂದ ಯಾರಿಗೂ ಹೋಗಲ್ಲ."

ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಮಲ್ಲೇಶ್ ಬರುತ್ತಿದ್ದ, ಕಾಲು ಅಗಲಿಸಿ, ಒಂದೊಂದು ಹೆಜ್ಜೆಯನ್ನೂ ಹುಡುಕಿ ಇಡುತ್ತ. ಚಹದಂಗಡಿಯ ಬೆಂಚಿನಲ್ಲಿ ಕೂತಿದ್ದವನೊಬ್ಬ ನಕ್ಕ. "ಏನಪ್ಪ ಮಲ್ಲೇಶ, ಇವತ್ತು ಬೆಳ್‌ಬೆಳಗ್ಗೇನೇ ಹಾಕ್ಬಿಟ್ಟೀಯಲ್ಲ!"

ಹೊನ್ನಕ್ಕ ಮೊಣಕೈಯಲ್ಲಿ ಹತ್ತಿ ಒತ್ತಿಕೊಂಡೇ ಬೀದಿಗಿಳಿದಳು. ಚಹದಂಗಡಿಯ ಮುಂದೆಯೇ ಮಲ್ಲೇಶನ ಪಕ್ಕಕ್ಕೆ ಹೋಗಿ, ಅವನ ಕೈ ತೆಗೆದು ತನ್ನ ಹೆಗಲ ಮೇಲೆ ಇಟ್ಟುಕೊಂಡಳು.

"ಕೈಗೇನಾತತ್ತೆ?"

"ಮುಳ್ಳು ತರಚ್ತು. ನಡಿ, ಹೋಗಾಣ."

ಬೆಂಚಿನವನು ತಲೆ ತಗ್ಗಿಸಿ ಚಹದ ಲೋಟ ನೋಡತೊಡಗಿದ. ಇಬ್ಬರೂ ನಿಧಾನವಾಗಿ, ಒಟ್ಟೊಟ್ಟಿಗೆ, ಬೀದಿಯ ನಟ್ಟನಡುವೆ ನಡೆದುಹೋದರು.