ಮೂರನೇ ಸುತ್ತು

ಹುಮೇರಾ ನಡೆಯುವುದಕ್ಕಿಂತ ಮೊದಲು ಮಾತು ಕಲಿತಳು. ಆಮೇಲೆ ನಡೆಯುವುದನ್ನೂ ಕಲಿತಳು, ಆದರೆ ಅದಕ್ಕಾಗಿ ಮಾತು ನಿಲ್ಲಿಸಲಿಲ್ಲ. ಶಾಲೆಯಲ್ಲಿ ಕಿಟಕಿಯ ಪಕ್ಕ ಕೂರಿಸಿದರೆ ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಿದ್ದಳು; ಗೋಡೆಯ ಪಕ್ಕ ಕೂರಿಸಿದರೆ ಗೋಡೆಯನ್ನು. ಡಿಗ್ರಿ ಮುಗಿಸಿ ಸೀರೆ ಅಂಗಡಿಗೆ ಸೇರಿದವಳು, ಈ ಬಣ್ಣ ನಿಮಗೆ ಒಪ್ಪುವುದಿಲ್ಲ, ಆ ಇನ್ನೊಂದು ಒಗೆದರೆ ಬಿಡುತ್ತದೆ ಎಂದು ಗಿರಾಕಿಗಳಿಗೆ ಮನಸಾರೆ ಸಲಹೆ ಕೊಟ್ಟು ಬೇಗನೆ ಮನೆಗೆ ಬಂದಳು. ಔಷಧಿ ಅಂಗಡಿಯಲ್ಲಿ ಸ್ವಲ್ಪ ಹೆಚ್ಚು ದಿನ ನಿಂತಳು. ಗುಳಿಗೆ ಕೊಳ್ಳಲು ಬಂದವರು ಅವಳ ಹತ್ತಿರ ಕಾಯಿಲೆಯ ಕಥೆ ಹೇಳಿಕೊಳ್ಳುತ್ತಾ ಬಾಗಿಲಲ್ಲೇ ಕುಳಿತುಬಿಟ್ಟರೆ ಹಿಂದೆ ನಿಂತವರು ಎಷ್ಟು ಹೊತ್ತು ಕಾಯುತ್ತಾರೆ? ಅಲ್ಲಿಂದಲೂ ಬಂದಳು.

“ಬಾಯಿ ಮುಚ್ಚೇ ಸ್ವಲ್ಪ” ಎಂದು ಸಾಜಿದಾ ಮಗಳಿಗೆ ತೊಟ್ಟಿಲಿನ ಕಾಲದಿಂದಲೂ ಹೇಳುತ್ತಾ ಬಂದಿದ್ದಳು. ಹೇಳಿದ ಮರುಗಳಿಗೆಯೇ ಕೂಸಿನ ಮುಖ ನೋಡಿ ಪಾಪ ಅನ್ನಿಸುತ್ತಿತ್ತು. ಅಷ್ಟರಲ್ಲಿ ಕೂಸು ಮತ್ತೆ ಶುರು ಮಾಡಿರುತ್ತಿತ್ತು.

ಹೀಗಿರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ಲಾಡ್ಜ್ ಇಟ್ಟುಕೊಂಡಿದ್ದ ಪ್ರಭುಲಿಂಗ ಒಂದು ಹೊಸ ಯೋಜನೆ ಹಾಕಿದ. ಹೆಸರು ‘ಸಂಜೆಯ ದುರ್ಗ’. ಬಂದವರನ್ನು ಇಳಿಹೊತ್ತಿನಲ್ಲಿ ಕೋಟೆಗೆ ಕರೆದೊಯ್ದು, ಬಾಗಿಲು ಹಾಕುವ ಹೊತ್ತಿಗೆ ಇಳಿಸಿಕೊಂಡು, ಸಂತೆ ಹೊಂಡ ತೋರಿಸಿ, ಹಳೇ ಊರಿನ ಓಣಿಗಳಲ್ಲಿ ಸುತ್ತಾಡಿಸಿ, ಕೊನೆಗೆ ಒಂದು ಮನೆಯಲ್ಲಿ ಸಾಂಪ್ರದಾಯಿಕ ಊಟ. ಗೈಡ್ ಕೆಲಸಕ್ಕೆ ಹುಮೇರಾಳನ್ನು ಕೇಳಿದ. ಊಟಕ್ಕೆ ಅವಳ ಮನೆಯೇ ಆಗಲಿ ಎಂದ.

“ಒಂದೇ ಒಂದು ಟ್ರಯಲ್ ಅಕ್ಕ” ಎಂದು ಸಾಜಿದಾಳಿಗೆ ಹೇಳಿದ. “ಬಂದೋರು ಚೆನ್ನಾಗಿತ್ತು ಅಂದ್ರೆ ಕೆಲಸ ನಿಮ್ಮ ಮಗಳಿಗೇ ಖಾಯಂ. ಇಲ್ಲಾಂದ್ರೆ ರೆಕಾರ್ಡ್ ಮಾಡಿರೋ ದನಿ ಸಿಗತೈತೆ. ಕಿವಿಗೆ ಹಾಕ್ಕಂಡು ಅವ್ರೇ ಸುತ್ಕಂತಾರೆ. ಆ ದನಿ ಬೇಡದ ಮಾತು ಆಡಲ್ಲ ನೋಡ್ರಿ.”

ಕೊನೆಯ ಮಾತು ಸಾಜಿದಾಳಿಗೆ ಚುಚ್ಚಿತು. ತಾನು ಮಗಳನ್ನು ಬೈಯುವುದು ಬೇರೆ, ಮಂದಿ ಅನ್ನುವುದು ಬೇರೆ.

“ಊಟಕ್ಕೆ ಏನು ಮಾಡ್ಲಿ ಪ್ರಭಣ್ಣ?”

“ಮುದ್ದೆ, ಸೊಪ್ಪಿನ ಸಾರು. ಹೊರಗಿನೋರಿಗೆ ಮುದ್ದೆ ಕಂಡ್ರೇನೇ ದುರ್ಗಕ್ಕೆ ಬಂದಂಗೆ. ಆನ್‌ಲೈನಲ್ಲಿ ಬುಕ್ ಮಾಡಿದಾರೆ, ಯಾರೋ ಕಾವ್ಯಶ್ರೀ ಅಂತೆ, ನಾಲ್ಕು ಜನ. ಬೆಂಗಳೂರೋರೋ ಬೊಂಬಾಯಿಯೋರೋ ಇರ್ಬೇಕು. ಇನ್ನೊಂದು ವಿಷ್ಯ, ಗೈಡ್ ಆದೋಳು ಜನದ ಮುಂದೆ ಫೋನ್ ತೆಗೀಬಾರ್ದು.”

ಸಾಜಿದಾ ತಲೆಯಾಡಿಸಿದಳು. ಆ ಮನೆಯಲ್ಲಿ ಮುದ್ದೆ ತಿನ್ನುತ್ತಿದ್ದರು, ಮಾಡುತ್ತಿರಲಿಲ್ಲ. ಬೇಕೆನಿಸಿದಾಗ ಪಕ್ಕದ ಮನೆಯ ಯಲ್ಲಕ್ಕ ಗೋಡೆಯ ಮೇಲಿಂದ ಒಂದು ತಟ್ಟೆ ದಾಟಿಸುತ್ತಿದ್ದಳು, ಬದಲಿಗೆ ಈಚೆಯಿಂದ ಒಂದು ಬಟ್ಟಲು ದಾಲ್ಚಾ ಆಚೆಗೆ ಹೋಗುತ್ತಿತ್ತು. ಮಸಾಲೆ ಹಾಕಿ ಬೇಯಿಸಿದ ಬರೀ ಅನ್ನ, ಅಂದರೆ ಖುಷ್ಕಾ, ಅದರ ಮೇಲೆ ಮೂಳೆ ಮಾಂಸ, ಬೇಳೆ, ಸೋರೆಕಾಯಿ ಹಾಕಿದ ಹುಳಿ ದಾಲ್ಚಾ ಮಾಡಲು ಸಾಜಿದಾಳಿಗೆ ಕಣ್ಣು ಬಿಡುವುದೂ ಬೇಕಿರಲಿಲ್ಲ. ಮುದ್ದೆಯ ಭಾರವನ್ನೆಲ್ಲ ಯಲ್ಲಕ್ಕನ ಮೇಲೆ ಹಾಕಿ ನಿಶ್ಚಿಂತೆಯಾಗಿದ್ದಳು. ಆದರೆ ಆ ದಿನ ಬೆಳಗ್ಗೆ ಹಿರಿಯೂರಿನಿಂದ ಯಲ್ಲಕ್ಕನ ಮಗಳ ಫೋನ್ ಬಂತು, ಮೊಮ್ಮಗುವಿಗೆ ಜ್ವರ. ಯಲ್ಲಕ್ಕ ಮುದ್ದೆಕೋಲನ್ನು ಗೋಡೆಯ ಮೇಲಿಂದ ದಾಟಿಸಿ ಬಸ್ಸು ಹತ್ತಿದಳು.

“ನೀರು ಕುದಿಯಾಕ್ ಬಿದ್ಮೇಲೆ ಫೋನ್ ಮಾಡು, ಹೇಳಿಕೊಡ್ತೀನಿ” ಎಂದು ಹೋದಳು.

ತಾಯಿ ಮಗಳು ಒಂದು ಗುರುತು ಮಾಡಿಕೊಂಡರು. ಊಟ ಸಿದ್ಧವಾದರೆ ಸಾಜಿದಾ ಮಹಡಿಯ ಕಟ್ಟೆಯ ಮೇಲೆ ಕೆಂಪು ಟವೆಲ್ ಹಾಕಬೇಕು. ಟವೆಲ್ ಕಾಣದಿದ್ದರೆ ಹುಮೇರಾ ಜನರನ್ನು ಓಣಿಯಲ್ಲಿ ಇನ್ನೊಂದು ಸುತ್ತು ಹಾಕಿಸಬೇಕು. ಮಹಡಿಯ ಮನೆ ಓಣಿಯ ತಿರುವಿನಲ್ಲಿದ್ದು ಎರಡೂ ಕಡೆಗೆ ಕಾಣುತ್ತಿತ್ತು.

ಸಾಜಿದಾಳ ಗಂಡ ರಹಮತ್ ಉಲ್ಲಾ ಹಾಸಿಗೆ ಹೊಲಿಯುವವನು. ಬರುವವರು ದೊಡ್ಡ ಜನ, ನೆಲದ ಮೇಲೆ ಕೂರಿಸಬಾರದು ಎಂದು ಅಂಗಡಿಯಿಂದ ನಾಲ್ಕು ಹೊಸ ಹಾಸಿಗೆ ಹೊತ್ತು ತಂದು ನಡುಮನೆಯಲ್ಲಿ ಹಾಸಿದ. ಆಮೇಲೆ ಅಡುಗೆಮನೆಗೆ ಬಂದು ಸೊಪ್ಪಿನ ಸಾರನ್ನು ನೋಡಿದವನ ಮುಖ ನೋಡಿ ಸಾಜಿದಾಳೇ ಹೇಳಿದಳು: “ನಿಮಗೆ ಖುಷ್ಕಾ, ದಾಲ್ಚಾ ಮಾಡಿ ಹಿಂದಿನ ಕೋಣೇಲಿ ಇಟ್ಟೀನಿ. ಅವರು ಹೋಗೋ ತನಕ ಅಲ್ಲೇ ಸುಮ್ನೆ ಕೂತಿರಬೇಕು. ಮುಚ್ಚಳ ತೆಗೀಬಾರ್ದು.”

ಹೊತ್ತು ಮುಳುಗಿತು. ನೀರು ಕುದಿಯಿತು. ಸಾಜಿದಾ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು.

“ಹಿಟ್ಟು ನಡುವಿಗೆ ಸುರಿ” ಎಂದಳು ಯಲ್ಲಕ್ಕ ಹಿರಿಯೂರಿನಿಂದ.

“ಸುರಿದೆ.”

“ಈಗ ಒಂದ್ ಮಾತು ಕೇಳು, ಬಲು ಮುಖ್ಯ—”

ಫೋನ್ ಸತ್ತಿತು. ಬೆಳಗ್ಗೆಯಿಂದ ಸಾಜಿದಾ ಊರಿಗೆಲ್ಲ ಟೂರಿನ ಸುದ್ದಿ ಹೇಳಿ ಅದರ ಬ್ಯಾಟರಿ ಮುಗಿದಿತ್ತು. ಬಲು ಮುಖ್ಯವಾದ ಮಾತು ಏನಿರಬಹುದೆಂದು ಸಾಜಿದಾ ಯೋಚಿಸಿ, ಬೇಗ ತಿರುವು ಎಂದಿರಬೇಕು ಎಂದು ತೀರ್ಮಾನಿಸಿ, ಕೋಲು ಹಾಕಿ ಕೈಲಾದಷ್ಟು ಬೇಗ ತಿರುವಿದಳು. ಹಿಟ್ಟು ಬೇಯುವ ತನಕ ಮುಟ್ಟಬೇಡ ಎಂಬುದೇ ಆ ಮಾತಾಗಿರಬೇಕು ಎಂದು ಹೊಳೆದಾಗ ಪಾತ್ರೆಯ ತುಂಬ ಗಂಟುಗಳಿದ್ದವು.

ಆಗ ಓಣಿಯ ತುದಿಯಲ್ಲಿ ಹುಮೇರಾಳ ದನಿ ಕೇಳಿತು. ದನಿ ಯಾವಾಗಲೂ ಅವಳಿಗಿಂತ ಸ್ವಲ್ಪ ಮುಂದೆಯೇ ಬರುತ್ತಿತ್ತು. ಸಾಜಿದಾ ಮಹಡಿಗೆ ಓಡಿ ಕತ್ತು ಚಾಚಿ ನೋಡಿದಳು. ಮಗಳ ಹಿಂದೆ ಒಬ್ಬ ಯುವಕ, ಒಬ್ಬ ಯುವತಿ. ಅವರ ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಹಿರಿಯರೊಬ್ಬರು, ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡ ಹೆಂಗಸೊಬ್ಬಳು. ಪಟ್ಟಣದವರಲ್ಲಿ ಇಬ್ಬರನ್ನು ಎಲ್ಲೋ ಬಿಟ್ಟು, ದಾರಿಯಲ್ಲಿ ಸಿಕ್ಕಿದವರನ್ನು ಮಾತಾಡಿಸಿ ಸೇರಿಸಿಕೊಂಡಿದ್ದಾಳೆ ಎಂದು ಸಾಜಿದಾ ಹಣೆ ಚಚ್ಚಿಕೊಂಡಳು. ಟವೆಲ್ ಹಾಕದೆ ಕೆಳಗಿಳಿದಳು.

ಹುಮೇರಾ ಖಾಲಿ ಕಟ್ಟೆ ನೋಡಿದಳು. “ಈ ಓಣೀನ ಸರಿಯಾಗಿ ನೋಡ್ಬೇಕು ಅಂದ್ರೆ ಎರಡು ಸಲ ನೋಡ್ಬೇಕು” ಎಂದು ಬಂದವರನ್ನು ಹಾಗೇ ತಿರುಗಿಸಿಕೊಂಡು ಹೋದಳು.

ಸಾಜಿದಾ ಗಂಟುಗಳನ್ನು ಒಂದೊಂದಾಗಿ ಕೋಲಿನಿಂದ ಒಡೆಯತೊಡಗಿದಳು. ಅಡುಗೆಮನೆಯ ಕಿಟಕಿ ಓಣಿಗೆ ತೆರೆದಿತ್ತು. ಎರಡನೇ ಸುತ್ತಿನ ಮಾತೆಲ್ಲ ಒಳಗೆ ಬಂತು. ಮೊದಲ ಸಲ ಕೋಟೆಯ ರಂಗಯ್ಯನ ಬಾಗಿಲು, ಬತೇರಿಯ ಬುರುಜು, ನಾಯಕರು ಎಂದು ಕಲಿತದ್ದನ್ನೆಲ್ಲ ಖರ್ಚು ಮಾಡಿದ್ದ ಹುಮೇರಾ ಈಗ ಮನೆಗಳ ಬಾಗಿಲಿಗೆ ಇಳಿದಿದ್ದಳು. “ಈ ನೀಲಿ ಬಾಗ್ಲೈತಲ್ಲ, ಅಣ್ಣ ತಮ್ಮ ಜಗಳ ಆಡಿ ಅರ್ಧರ್ಧ ಬಳಿದಿದ್ದು. ಅದಕ್ಕೇ ಒಂದು ಕಡೆ ನೀಲಿ ಕಮ್ಮಿ. ಈ ಮೆಟ್ಟಿಲ ಮೇಲೆ ಸಂಜೆ ಹೊತ್ತು ಒಂದು ಮೇಕೆ ಮಲಗತೈತೆ, ಯಾರದು ಅಂತ ಇವತ್ತಿಗೂ ಗೊತ್ತಿಲ್ಲ.”

ಮುದ್ದೆ ಒಂದು ಹದಕ್ಕೆ ಬಂದಂತೆ ಕಂಡಿತು. ಸಾಜಿದಾ ಮೇಲೆ ಹೋಗಿ ಟವೆಲ್ ಹಾಕಿ ಬಂದು ಕೈಗೆ ನೀರು ಮುಟ್ಟಿಸಿ ಉಂಡೆ ಕಟ್ಟತೊಡಗಿದಳು. ಕಟ್ಟಿ ಮುಗಿಯಿತು. ಯಾರೂ ಬರಲಿಲ್ಲ. ದನಿ ಬಾಗಿಲ ಮುಂದೆಯೇ ಹಾದು ಮತ್ತೆ ದೂರ ಹೋಯಿತು.

ಹಿಂದಿನ ಕೋಣೆಯಿಂದ ರಹಮತ್ ಉಲ್ಲಾ ಕೆಂಪು ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದ. “ಇದ್ಯಾಕೆ ಮೇಲೆ ಬಿಟ್ಟಿದ್ದೆ? ಇಬ್ಬನಿ ಬೀಳತೈತೆ ಅಂತ ತಂದೆ.”

ಸಾಜಿದಾ ಅವನನ್ನು ನೋಡಿದ ನೋಟಕ್ಕೆ ಅವನು ಟವೆಲ್ ಸಮೇತ ಮತ್ತೆ ಕೋಣೆಗೆ ಹೋದ. ಆಮೇಲೆ ಟವೆಲ್ಲನ್ನು ಮಾತ್ರ ಬಾಗಿಲ ಸಂದಿಯಿಂದ ಹೊರಗೆ ಎಸೆದ.

ಮಹಡಿಯ ಮೆಟ್ಟಿಲು ಹತ್ತಲು ಹೊರಟವಳು ಕಿಟಕಿಯ ಹತ್ತಿರ ನಿಂತುಬಿಟ್ಟಳು. ಮೂರನೇ ಸುತ್ತಿನಲ್ಲಿ ಬಾಗಿಲುಗಳೂ ಮುಗಿದು ಹುಮೇರಾಳಿಗೆ ತೋರಿಸಲು ಏನೂ ಉಳಿದಿರಲಿಲ್ಲ.

“ಈಗ ಈ ಕಿಟಕಿ ನೋಡ್ರಿ” ಎಂದಳು ಹೊರಗೆ. “ಇದರ ಹಿಂದೆ ಒಬ್ಬ ತಾಯಿ ಇದಾಳೆ. ನಾನು ಹುಟ್ಟಿದಾಗಿಂದ ನನ್ನ ಬಾಯಿ ಮುಚ್ಚಿಸೋಕೆ ಹೆಣಗ್ತಾ ಇದಾಳೆ. ಆದ್ರೆ ರಾತ್ರಿ ಕರೆಂಟ್ ಹೋದ್ರೆ ಏನಾದ್ರೂ ಹೇಳೇ, ಭಯ ಆಗತೈತೆ ಅಂತಾಳೆ. ನಾನು ಹೇಳ್ತಿದ್ರೆ ಹಂಗೇ ನಿದ್ದೆ ಹೋಗ್ತಾಳೆ. ನನ್ನ ಮಾತಿಗೆ ದುರ್ಗದಾಗೆ ಮೊದಲು ಗಿರಾಕಿ ಆದೋಳು ಅವಳೇ.”

ಹೆಂಗಸಿನ ದನಿಯೊಂದು ಕೇಳಿತು: “ಪಾಪ, ಒಳಗಿದ್ರೆ ಕೇಳಿಸ್ಕಂತಾಳೇನೋ.”

“ಇಲ್ಲ ಬಿಡ್ರಿ, ಮುದ್ದೆ ತಿರುವ್ತಿರ್ತಾಳೆ.”

ಸಾಜಿದಾ ಕಣ್ಣಿಗೆ ಹೊಗೆ ಹೋದವಳಂತೆ ಕಣ್ಣುಜ್ಜಿಕೊಂಡು, ಮಹಡಿಗೆ ಹೋಗುವುದನ್ನು ಬಿಟ್ಟು, ಕಿಟಕಿಯಿಂದಲೇ ಟವೆಲ್ ಹೊರಗೆ ಹಾಕಿ ಬೀಸಿದಳು.

ಬಂದವರು ಒಳಗೆ ಬಂದರು. ಕಂಬಳಿಯವರೂ ಬಂದರು. ಆಗ ಗೊತ್ತಾಯಿತು: ಬೆಂಗಳೂರೂ ಅಲ್ಲ, ಬೊಂಬಾಯಿಯೂ ಅಲ್ಲ, ಹೊಸದುರ್ಗ ತಾಲ್ಲೂಕಿನ ಬಾಗೂರು. ಕುರಿ ಸಾಕುವ ಪಾಲಣ್ಣ, ಅವನ ಹೆಂಡತಿ ಪಾಲಮ್ಮ, ಮಗ ಮಂಜಣ್ಣ. ಬುಕ್ ಮಾಡಿದ ಕಾವ್ಯಶ್ರೀ ಅವರ ಸೊಸೆ.

“ನಮ್ಮತ್ತೆ ದುರ್ಗಕ್ಕೆ ಎಷ್ಟೋ ಸಲ ಬಂದಾರೆ” ಎಂದಳು ಕಾವ್ಯಶ್ರೀ. “ಆಸ್ಪತ್ರೆ, ಕೋರ್ಟು, ಕುರಿ ಸಂತೆ. ಊರು ಮಾತ್ರ ನೋಡಿರ್ಲಿಲ್ಲ. ಅವರ ಕೈಯದಲ್ಲದ ಊಟಾನ ಒಂದು ದಿನ ಕುಂತು ಉಣ್ಣಲಿ ಅಂತ ಕರ್ಕಂಡು ಬಂದೆ.”

“ಬರ್ರಿ ಅಕ್ಕ, ಕುಂತ್ಕಳ್ರಿ” ಎಂದಳು ಸಾಜಿದಾ. ದಿನಾ ಎರಡು ಹೊತ್ತು ಮುದ್ದೆ ಮಾಡುವವಳಿಗೆ ತಾನು ಮುದ್ದೆ ಬಡಿಸಬೇಕು.

ಪಾಲಣ್ಣ ಹಾಸಿಗೆಯ ಮೇಲೆ ಕುಳಿತ. ಹೊಸ ಹತ್ತಿ, ಮೊಣಕಾಲು ಎದೆಗೆ ಬರುವಷ್ಟು ಒಳಗೆ ಇಳಿದ. “ಇದರಾಗೆ ಕುಂತ್ರೆ ಉಣ್ಣೋದಕ್ಕಿಂತ ಮುಂಚೆ ನಿದ್ದೆ ಬರತೈತಲ್ಲಮ್ಮ” ಎಂದ.

ತಟ್ಟೆ ಬಂತು. ಪಾಲಮ್ಮ ಮುದ್ದೆಯನ್ನು ಒಮ್ಮೆ ನೋಡಿದಳು, ಹೆರಿಗೆ ಮಾಡಿಸುವವಳು ಬೇರೆಯವರು ಹೆರಿಗೆ ಮಾಡಿಸಿದ ಮಗುವನ್ನು ನೋಡುವ ಹಾಗೆ. ತುದಿ ಮುರಿದಳು. ಒಳಗಿದ್ದ ಗಂಟೊಂದು ಒಡೆದು ಒಣ ಹಿಟ್ಟು ಸಾರಿನ ಮೇಲೆ ಉದುರಿತು.

“ಇದರೊಳಗೆ ಇನ್ನೊಂದು ಮರಿ ಮುದ್ದೆ ಐತೆ” ಎಂದ ಪಾಲಣ್ಣ.

“ಸುಮ್ನಿರ್ರಿ” ಎಂದಳು ಪಾಲಮ್ಮ. ಆದರೆ ಅವಳ ಕೈ ಸುಮ್ಮನಿರಲಿಲ್ಲ. “ಕೋಲು ಎಲ್ಲೈತೆ ತಾಯಿ? ಒಂಚೂರು ನೀರು ಕಾಯಾಕಿಟ್ರೆ ಈಗ ಸರಿ ಮಾಡ್ಕೊಡ್ತೀನಿ.”

“ಅತ್ತೆ, ಕುಂತ್ಕಳ್ರಿ” ಎಂದಳು ಕಾವ್ಯಶ್ರೀ, ಅಳು ಬರುವ ದನಿಯಲ್ಲಿ. “ಇವತ್ತೊಂದಿನ ಎದ್ದೇಳಬೇಡ್ರಿ ಅಂತ ತಾನೇ ಕರ್ಕಂಡು ಬಂದಿದ್ದು.”

ಹುಮೇರಾ, ಜೀವನದಲ್ಲಿ ಮೊದಲ ಸಲ, ಮಾತಿಲ್ಲದೆ ನಿಂತಿದ್ದಳು. ಮಗಳ ಆ ಮೌನ ಸಾಜಿದಾಳಿಗೆ ಗಂಟಾದ ಮುದ್ದೆಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಕೆಲಸ ಹೋಯಿತು, ಕಿವಿಗೆ ಹಾಕುವ ದನಿ ಬಂತು ಎಂದುಕೊಂಡಳು.

ಅಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ರಹಮತ್ ಉಲ್ಲಾ ತಾಳ್ಮೆ ಕಳೆದುಕೊಂಡು ಮುಚ್ಚಳ ತೆಗೆದ. ಲವಂಗ, ತುಪ್ಪ, ಹುಣಸೆ, ಬೆಂದ ಮೂಳೆಯ ವಾಸನೆ ಬಾಗಿಲ ಸಂದಿಯಿಂದ ನಡುಮನೆಗೆ ಬಂದು ಎಲ್ಲರ ಮೂಗನ್ನೂ ಮಾತಾಡಿಸಿತು.

ಪಾಲಣ್ಣ ಹಾಸಿಗೆಯಿಂದ ಕತ್ತು ಮೇಲೆತ್ತಿದ. “ಅದೇನಮ್ಮ ಒಳಗೆ?”

“ಅದು ನಮ್ಮ ಮನೇದು” ಎಂದಳು ಸಾಜಿದಾ, ನಾಚಿಕೆಯಿಂದ.

“ಹಂಗಾದ್ರೆ ನಮಗಿಟ್ಟಿದ್ದು ಯಾರ ಮನೇದು?”

ಮಂಜಣ್ಣ ಆ ಸಂಜೆಯ ತನ್ನ ಮೊದಲ ಮಾತು ಆಡಿದ: “ನಮ್ಮನೇದೇ ಅಪ್ಪ.”

ಮೊದಲು ನಕ್ಕವಳು ಪಾಲಮ್ಮ. ಸಾಜಿದಾ ಕೋಣೆಗೆ ಹೋಗಿ ಗಂಡನ ಮುಂದಿದ್ದ ಪಾತ್ರೆಗಳನ್ನು ಎತ್ತಿಕೊಂಡು ಬಂದಳು. ಅವನು ಸೌಟು ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ಇಟ್ಟುಕೊಂಡು ಹಿಂದೆಯೇ ಬಂದ. ನಾಲ್ಕು ತಟ್ಟೆಗೆ ಖುಷ್ಕಾ, ಮೇಲೆ ದಾಲ್ಚಾ. ಪಾಲಣ್ಣ ಒಂದು ಮೂಳೆ ಚೀಪಿ, ಕಣ್ಣು ಮುಚ್ಚಿ, “ಎಳೇ ಮರಿ. ಒಳ್ಳೇ ಕಡೆ ಮೇದೈತೆ” ಎಂದು ಸತ್ತ ಕುರಿಗೆ ಗೌರವ ಸಲ್ಲಿಸಿದ. ಸಾಜಿದಾ ಮತ್ತೆ ಬಡಿಸಲು ಬಗ್ಗಿದಾಗ ಪಾಲಮ್ಮ ತಟ್ಟೆಯನ್ನು ಮುಂದಕ್ಕೆ ಸರಿಸಿದಳು.

ಮುದ್ದೆ ದಂಡವಾಗಬಾರದಲ್ಲ, ಅದನ್ನು ರಹಮತ್ ಉಲ್ಲಾನ ಮುಂದೆ ಇಟ್ಟರು. ಅವನು ಅಗಿಯುತ್ತಾ ಕುಳಿತ.

“ಅಗೀಬೇಡ್ರಿ ಅಣ್ಣ, ನುಂಗ್ರಿ” ಎಂದ ಪಾಲಣ್ಣ.

“ಇದು ನುಂಗೋ ಜಾತೀದಲ್ಲ ಪಾಲಣ್ಣ.”

ಆ ಹೊತ್ತಿಗೇ ಪ್ರಭುಲಿಂಗ ಫೋಟೋ ತೆಗೆಯಲು ಬಂದ. ಹೊರಗಿನವರು ಮುದ್ದೆ ತಿನ್ನುವ ಫೋಟೋ ಅವನಿಗೆ ಬೇಕಿತ್ತು. ಬಾಗಿಲಲ್ಲಿ ನಿಂತು ನೋಡಿದರೆ ಕಂಬಳಿಯವರು ಖುಷ್ಕಾ ತಿನ್ನುತ್ತಿದ್ದಾರೆ, ಮನೆಯ ಯಜಮಾನ ಮುದ್ದೆಯ ಜೊತೆ ಹೋರಾಡುತ್ತಿದ್ದಾನೆ.

“ಏನಕ್ಕ ಇದು? ನಾನು ಹೇಳಿದ್ದೇನು, ನೀವು ಮಾಡಿದ್ದೇನು? ಟೂರೂ ಹೊತ್ತಾಯ್ತಂತೆ. ಒಂದೇ ಓಣೀಲಿ ಗಾಣದೆತ್ತಿನಂಗೆ ಮೂರು ಸಲ ಸುತ್ತಿಸಿದ್ಲಂತೆ, ಹೂವಿನ ಅಂಗಡಿಯೋನು ಹೇಳ್ದ.”

ಸಾಜಿದಾ ತಪ್ಪು ತನ್ನದೆನ್ನಲು ಬಾಯಿ ತೆರೆದಳು. ಪಾಲಮ್ಮ ಕೈಯ ತುತ್ತನ್ನು ತಟ್ಟೆಗೆ ಇಳಿಸಿದಳು.

“ನೀವೇನಪ್ಪ ಈ ಟೂರಿನ ಮಾಲೀಕ್ರು?”

“ಹೌದಮ್ಮ. ಹೇಳ್ರಿ, ಹೆಂಗಿತ್ತು? ಇದ್ದದ್ದು ಇದ್ದಂಗೆ ಹೇಳ್ರಿ.”

“ಮೊದಲ್ನೇ ಸುತ್ತು ನನಗೆ ಅರ್ಥ ಆಗ್ಲಿಲ್ಲ. ರಾಜರ ಹೆಸರು ಜಾಸ್ತಿ. ಎರಡನೇದು ಪರವಾಗಿಲ್ಲ. ಮೂರನೇ ಸುತ್ತು ಬಲು ಚೆನ್ನಾಗಿತ್ತು.” ಪಾಲಮ್ಮ ಗಂಡನ ಕಡೆಗೂ ಮಗನ ಕಡೆಗೂ ಕೈ ತೋರಿಸಿದಳು. “ಇವ್ರಿಬ್ರೂ ದಿನಕ್ಕೆ ನಾಲ್ಕು ಮಾತು ಆಡಿದ್ರೆ ಹೆಚ್ಚು. ಅದ್ರಾಗೆ ಎರಡು ಕುರಿಗೆ. ಸೊಸೆ ಕೆಲಸಕ್ಕೆ ಹೋಗತೈತೆ. ಇಷ್ಟು ಹೊತ್ತು ನನ್ನ ಪಕ್ಕದಾಗೆ ನಡೀತಾ ನನಗೇ ಅಂತ ಯಾರೂ ಮಾತಾಡಿದ್ದಿಲ್ಲ ಕಣಪ್ಪ.”

ಪ್ರಭುಲಿಂಗ ಫೋನನ್ನು ಜೇಬಿಗೆ ಹಾಕಿದ. ಪಾಲಣ್ಣ ತನ್ನ ನಾಲ್ಕು ಮಾತು ಆಗಲೇ ದಾಟಿಹೋಗಿದೆ ಎಂದು ಲೆಕ್ಕ ಹಾಕುವವನಂತೆ ಸುಮ್ಮನೆ ಮೂಳೆ ಚೀಪಿದ.

“ಮುಂದಿನ ವಾರ ಹೊಳಲ್ಕೆರೆಯಿಂದ ಟೀಚರ್‌ಗಳು ಬರ್ತಾರೆ” ಎಂದ ಪ್ರಭುಲಿಂಗ, ಹುಮೇರಾಳ ಕಡೆ ನೋಡುತ್ತಾ. “ಆ ಮೂರನೇ ಸುತ್ತಿನಿಂದಾನೇ ಶುರು ಮಾಡ್ಬಿಡು. ಊಟಕ್ಕೆ—”

“ಅವರು ಮನೇಲಿ ದಿನಾ ಏನು ತಿಂತಾರೆ ಅಂತ ಮೊದ್ಲು ಕೇಳ್ರಿ ಪ್ರಭಣ್ಣ” ಎಂದಳು ಸಾಜಿದಾ. “ಅದೊಂದು ಬಿಟ್ಟು ಬೇರೆ ಮಾಡ್ತೀನಿ.” ಆಮೇಲೆ ಅವನ ಕೈಗೂ ಒಂದು ತಟ್ಟೆ ಕೊಟ್ಟಳು. ಮುದ್ದೆ ಇನ್ನೂ ಉಳಿದಿತ್ತು.

ಊಟವಾಯಿತು. ಪಾಲಣ್ಣನನ್ನು ಹಾಸಿಗೆಯಿಂದ ಎಬ್ಬಿಸಲು ಇಬ್ಬರು ಬೇಕಾದರು. ಅವರ ಗಾಡಿ ಓಣಿಯ ಬಲಗಡೆಯ ತುದಿಯಲ್ಲಿ ನಿಂತಿತ್ತು. ಪಾಲಮ್ಮ ಹೊಸ್ತಿಲು ದಾಟಿ ಎಡಕ್ಕೆ ನೋಡಿದಳು.

“ಇನ್ನೊಂದ್ ಸುತ್ತು ಹೋಗಾಣೇನವ್ವ? ಆ ಮೇಕೆ ಬಂದು ಮಲಗಿರಬಹುದು.”

“ಬರ್ರಿ” ಎಂದಳು ಹುಮೇರಾ. ಅವಳಿಗೆ ಹೋಗಿದ್ದ ಜೀವ ಬಂದಿತ್ತು. “ಮೇಕೆ ಬಂದಿರ್ಲಿಲ್ಲ ಅಂದ್ರೆ ಅದು ಯಾಕೆ ಬಂದಿಲ್ಲ ಅಂತ ಹೇಳ್ತೀನಿ.”

ಸಾಜಿದಾ ಮುದ್ದೆ ಗೋಂದಿನಂತೆ ಅಂಟಿದ್ದ ಪಾತ್ರೆಯನ್ನು ಅಡುಗೆಮನೆಯ ನಲ್ಲಿಯ ಕೆಳಗಿಟ್ಟು ನೀರು ಬಿಟ್ಟಿದ್ದಳು. ಮಗಳ ದನಿ ಕಿಟಕಿಯ ಹತ್ತಿರ ಬರುತ್ತಿದ್ದಂತೆ ನೀರಿನ ಸದ್ದಿಗೆ ಮಾತು ಸರಿಯಾಗಿ ಕೇಳಿಸದೆ, ಕೈ ಚಾಚಿ ನಲ್ಲಿಯನ್ನು ಮುಚ್ಚಿದಳು.