ಹೆಸರು ಬದಲಿಸಲಾಗಿದೆ

ತರಬೇತಿಯ ಎರಡನೇ ದಿನ ಬೆಳಿಗ್ಗೆ, ಉಸಿರಾಡುವುದನ್ನು ಕಲಿಸಲಿಕ್ಕೆಂದು ಗುರುಗ್ರಾಮದಿಂದ ಒಬ್ಬ ಮೇಡಂ ಬಂದರು. ದಿಲ್ಲಿಯ ಲೋಧಿ ಕಾಲೋನಿಯ ಆ ಸರ್ಕಾರಿ ಸಭಾಂಗಣದಲ್ಲಿ ಕೂತಿದ್ದ ನಲವತ್ತು ಜನರೂ ಹೆಂಗಸರ ಮೇಲಿನ ಹಿಂಸೆಯನ್ನು ತಡೆಯುವ ಕೆಲಸದವರು. ಆಪ್ತ ಸಮಾಲೋಚಕಿಯರು, ಮಹಿಳಾ ಪೊಲೀಸರು, ಆಸ್ಪತ್ರೆಯ ನರ್ಸುಗಳು. ದಿನವೂ ಪೆಟ್ಟು ತಿಂದವರ ಕತೆ ಕೇಳಿ ಕೇಳಿ ಇವರ ಮನಸ್ಸಿಗೂ ಗಾಯವಾಗುತ್ತದೆ, ಅದಕ್ಕೂ ಒಂದು ಮದ್ದು ಬೇಕು ಎಂದು ಮೇಲಿನವರಿಗೆ ಯಾವಾಗಲೋ ಹೊಳೆದಿತ್ತು. ಮದ್ದು ಎಂದರೆ ಉಸಿರಾಟ.

"ಕಣ್ಣು ಮುಚ್ಚಿ. ಹೆಗಲು ಸಡಿಲ ಬಿಡಿ. ನಿಮ್ಮೊಳಗೆ ಒಂದು ಸರೋವರ ಇದೆ, ನೋಡಿ" ಎಂದರು ಆ ಮೇಡಂ, ಹಿಂದಿಯಲ್ಲಿ, ಜೇನು ಸವರಿದ ದನಿಯಲ್ಲಿ.

ಆಪ್ತ ಸಮಾಲೋಚಕಿ ಧಾರಿಣಿಗೆ ಯಾವ ಸರೋವರವೂ ಕಾಣಲಿಲ್ಲ. ಕಂಡದ್ದು ತಾನು ಕೆಲಸ ಮಾಡುವ ಮಹಿಳಾ ಸಹಾಯ ಕೇಂದ್ರದ ಬಾಗಿಲು. ಏಳು ಜನ ಸಿಬ್ಬಂದಿ ಇರಬೇಕಾದ ಆ ಕೇಂದ್ರದಲ್ಲಿ ಈಗ ಮೂವರು. ಆರು ತಿಂಗಳಿಗೊಮ್ಮೆ ನವೀಕರಿಸುವ ನೌಕರಿ. ಬಂದ ಹೆಂಗಸರು ಮನಸಾರೆ ಅಳೋಣವೆಂದರೆ ಚಿಲಕವಿರುವ ಒಂದು ಕೋಣೆಯಿಲ್ಲ. ಚಿಲಕ ಹಾಕಿಸಿಕೊಡಿ ಎಂದು ಒಂಬತ್ತು ಪತ್ರ ಬರೆದಿದ್ದಳು. ಚಿಲಕ ಬರಲಿಲ್ಲ, ಸರೋವರ ಬಂತು! ಅವಳಿಗೆ ಮೈಯೆಲ್ಲ ಉರಿಯಿತು. ಕಣ್ಣು ಬಿಟ್ಟು ನೋಡಿದರೆ ಕೊನೆಯ ಸಾಲಿನಲ್ಲಿ ಇನ್ನೊಬ್ಬಳೂ ಕಣ್ಣು ಬಿಟ್ಟುಕೊಂಡೇ ಕೂತಿದ್ದಳು. ಯಾವುದೋ ಠಾಣೆಯ ಗಟ್ಟಿಮುಟ್ಟಾದ ಕಾನ್‌ಸ್ಟೇಬಲ್. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮುಖ ಸೊಟ್ಟ ಮಾಡಿಕೊಂಡರು.

ಉಸಿರಾಟ ಮುಗಿಯುತ್ತಲೇ ಜಗನ್ನಾಥ ಬಂದು ಅವಳ ಕುರ್ಚಿಯ ಪಕ್ಕ ಬಗ್ಗಿದರು. ಇಲಾಖೆಯ ಉಪನಿರ್ದೇಶಕರು, ಈ ತರಬೇತಿಯ ಯಜಮಾನರು. ಧಾರಿಣಿಯ ಅಪ್ಪ ಗುರುರಾಜರ ಜೊತೆ ಇಪ್ಪತ್ತು ವರ್ಷ ಒಂದೇ ಕಚೇರಿಯಲ್ಲಿ ಕೂತವರು. ದಿಲ್ಲಿ ಎಷ್ಟೇ ದೊಡ್ಡದಾದರೂ ಕನ್ನಡದವರ ದಿಲ್ಲಿ ಒಂದು ಓಣಿಯಷ್ಟೇ. ಯಾರ ಮಗಳಿಗೆ ಎಲ್ಲಿ ಗಂಡು ನೋಡುತ್ತಿದ್ದಾರೆ, ಯಾರ ಮನೆಗೆ ಊರಿನಿಂದ ಉಪ್ಪಿನಕಾಯಿ ಬಂತು, ಎಲ್ಲವೂ ಎಲ್ಲರಿಗೂ ಗೊತ್ತು.

"ಮುಂದೆ ನಿನ್ನದೇ ಕಣಮ್ಮ. ಆ ಯಶೋಗಾಥೆ. ಮಿನಿಸ್ಟ್ರಿಯಿಂದ ಮೇಡಂ ಬಂದಿದ್ದಾರೆ, ಚೆನ್ನಾಗಿ ಹೇಳು" ಎಂದರು. "ಊಟಕ್ಕೂ ನಮ್ಮ ಕಡೆಯದೇ ಹೇಳಿಸಿದ್ದೀನಿ. ಈ ಜನ ರಾಜ್ಮಾ ಚಾವಲ್ ಬಿಟ್ಟು ಒಂದು ದಿನ ನೀರುದೋಸೆ ತಿನ್ನಲಿ."

ಯಶೋಗಾಥೆ ಎಂದರೆ ನೀಲಾವತಿಯ ಕತೆ. ಎಂಟು ತಿಂಗಳ ಹಿಂದೆ ನಾಲ್ಕು ವರ್ಷದ ಮಗಳು ನಿರೀಕ್ಷಾಳನ್ನು ಎತ್ತಿಕೊಂಡು ಅವಳು ಕೇಂದ್ರಕ್ಕೆ ಬಂದಿದ್ದಳು. ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಗಂಡ ರಿತೇಶ್ ಮುನಿರ್ಕಾದಲ್ಲಿ ಸೋದರಮಾವ ಏಕನಾಥನ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ಏನೋ ಎದುರು ಮಾತಾಡಿದಳೆಂದು ಹೋಟೆಲಿನ ಕಾದ ಕಾವಲಿಯ ಮೇಲೆ ಅವಳ ಕೈ ಒತ್ತಿ ಹಿಡಿದಿದ್ದ. ಹಿಂದಿ ಸರಿಯಾಗಿ ಬರದ ಅವಳಿಂದ ಕೇಂದ್ರದ ಮುಂದಿನ ಮೇಜಿನವರು ಇದೇ ಮಾತನ್ನು ಮೂರು ಮೂರು ಸಲ ಹೇಳಿಸಿದ್ದರು. ಕೊನೆಗೆ ಫೈಲು ಧಾರಿಣಿಯ ಕೈಗೆ ಬಂತು. ಕನ್ನಡ ಕೇಳಿದ್ದೇ ನೀಲಾವತಿಯ ಮುಖ ಅರಳಿ, ಮರುಕ್ಷಣವೇ ಬಾಡಿತ್ತು.

"ನೀವು ನಮ್ಮ ಜನವಾ ಅಕ್ಕ? ಹಾಗಾದ್ರೆ ನಿಮಗೆ ಅವರೆಲ್ಲ ಗೊತ್ತಿರಬಹುದು."

"ನನಗೆ ಯಾರೂ ಗೊತ್ತಿಲ್ಲ. ಗೊತ್ತಿದ್ರೂ ನೀನು ಹೇಳಿದ್ದು ಈ ಮೇಜು ದಾಟಲ್ಲ" ಎಂದಿದ್ದಳು ಧಾರಿಣಿ. ಬಾಯಿಮಾತಿಗೆ ಹೇಳಿದ್ದಲ್ಲ. ಅವಳನ್ನು ವಸತಿಗೃಹಕ್ಕೆ ಸೇರಿಸಿದಳು. ರಾಜಿ ಮಾಡಿಸುತ್ತೇವೆಂದು ಬಂದ ಹಿರಿಯರನ್ನು ಎರಡು ಸಲ ಬಾಗಿಲಲ್ಲೇ ತಡೆದು ಕಳಿಸಿದಳು. ಓಖ್ಲಾದ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ ಕೊಡಿಸಿದಳು. ಮಗುವನ್ನು ಅಲ್ಲೇ ಕೂಸಿನ ಮನೆಯಲ್ಲಿ ನೋಡಿಕೊಳ್ಳುತ್ತಿದ್ದರು. ನೀಲಾವತಿ ಎಲ್ಲಿದ್ದಾಳೆ ಎಂಬುದು ಗಂಡನಿಗೆ ಗೊತ್ತಾಗದಿರುವುದೇ ಅವಳ ಜೀವಕ್ಕೆ ಇದ್ದ ಏಕೈಕ ಕಾವಲು.

ಧಾರಿಣಿ ವೇದಿಕೆ ಹತ್ತಿದಳು. ಪರದೆಯ ಮೇಲೆ ಹಿಂದಿಯಲ್ಲಿ, ಅವಳೇ ಬರೆದ ಸಾಲುಗಳು: ಇಂದಿರಾ, ವಯಸ್ಸು ಇಪ್ಪತ್ತೊಂಬತ್ತು, ಹೆಸರು ಬದಲಿಸಲಾಗಿದೆ. ಕರಾವಳಿ ಕರ್ನಾಟಕದವಳು. ಗಂಡ ಮುನಿರ್ಕಾದ ಹೋಟೆಲೊಂದರಲ್ಲಿ ಅಡುಗೆಯವ. ಬಲಗೈಗೆ ಸುಟ್ಟ ಗಾಯ. ಒಬ್ಬಳು ಮಗಳು. ಕೆಳಗೊಂದು ಫೋಟೋ. ನೀಲಾವತಿ ಕೆಲಸಕ್ಕೆ ಸೇರಿದ ಮೊದಲ ದಿನ ಕಾರ್ಖಾನೆಯ ಗೇಟಿನ ಮುಂದೆ ನಿಂತು, "ಒಂದು ಫೋಟೋ ತೆಗೀರಿ ಅಕ್ಕ" ಎಂದು ತೆಗೆಸಿಕೊಂಡದ್ದು. ಮುಖವನ್ನು ಧಾರಿಣಿಯೇ ಜೋಪಾನವಾಗಿ ಮಸುಕು ಮಾಡಿದ್ದಳು. ಅರ್ಧ ಗಂಟೆ ಕೂತು, ಒಂದು ಕೂದಲೆಳೆಯೂ ಗುರುತು ಸಿಗದಂತೆ.

"ಈ ಇಂದಿರಾ ಇವತ್ತು ತನ್ನ ಕಾಲ ಮೇಲೆ ತಾನು ನಿಂತಿದ್ದಾಳೆ" ಎಂದಳು. ಮಿನಿಸ್ಟ್ರಿಯ ಮೇಡಂ ತಲೆಯಾಡಿಸಿದರು. ಚಪ್ಪಾಳೆ ಬಿತ್ತು.

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಸ್ಟೀಲಿನ ಪಾತ್ರೆಗಳು ಒಳಗೆ ಬಂದವು. ನಾಲ್ಕು ಜನ ಸದ್ದಿಲ್ಲದೆ ಗೋಡೆಯ ಬದಿಯ ಮೇಜಿನ ಮೇಲೆ ಸಾಂಬಾರು, ಚಟ್ನಿ, ಪಾಯಸ ಜೋಡಿಸತೊಡಗಿದರು. ಮೂವರು ಕೆಲಸದಲ್ಲಿದ್ದರು. ನಾಲ್ಕನೆಯವನು ಸೌಟು ಕೈಯಲ್ಲಿ ಹಿಡಿದುಕೊಂಡೇ ಪರದೆ ನೋಡುತ್ತ ನಿಂತಿದ್ದ.

ಧಾರಿಣಿ ಅವನನ್ನು ಒಂದೇ ಒಂದು ಸಲ ನೋಡಿದ್ದಳು. ಕೇಂದ್ರಕ್ಕೆ ಕರೆಸಿದ್ದಾಗ ಎರಡು ಗಂಟೆ ನೆಲ ನೋಡುತ್ತ ಕೂತು, ಹೊರಡುವಾಗ ಮಾತ್ರ ಕತ್ತೆತ್ತಿ ನಕ್ಕಿದ್ದ ಮುಖ. ರಿತೇಶ್. ಅವನು ಓದುತ್ತಿದ್ದುದು ಅಕ್ಷರಗಳನ್ನಲ್ಲ, ಫೋಟೋವನ್ನು. ಅವಳೂ ತಿರುಗಿ ನೋಡಿದಳು. ಮಸುಕಾದ ಮುಖದ ಹಿಂದೆ, ನೀಲಿ ಗೇಟಿನ ಮೇಲೆ, ಕಾರ್ಖಾನೆಯ ಹೆಸರು ಫಳಫಳ ಹೊಳೆಯುತ್ತಿತ್ತು. ಕೆಳಗೆ ಪ್ಲಾಟ್ ನಂಬರು ಕೂಡ.

ಪ್ರೊಜೆಕ್ಟರಿನ ವೈರು ಎಳೆದಳು. ಪರದೆ ಕಪ್ಪಾಯಿತು. ಸೌಟು ಮೇಜಿನ ಮೇಲಿತ್ತು, ಅವನಿರಲಿಲ್ಲ. ಹೊರಗೆ ಬೈಕಿನ ಸದ್ದು ಕೇಳಿತು.

"ಕರೆಂಟ್ ಹೋಯ್ತೇನಮ್ಮ?" ಎಂದು ಜಗನ್ನಾಥ ಓಡಿ ಬಂದರು.

"ಊಟ ಯಾರ ಹತ್ತಿರ ಹೇಳಿದ್ರಿ ಸರ್?"

"ನಮ್ಮ ಏಕನಾಥ. ಮುನಿರ್ಕಾದವನು. ಹತ್ತು ವರ್ಷದಿಂದ ನಮ್ಮ ಎಲ್ಲ ಫಂಕ್ಷನ್ನಿಗೂ ಅವನದೇ ಊಟ. ಯಾಕೆ?"

"ಈ ಕೇಸಿನ ಗಂಡ ಅವರ ಸೋದರಳಿಯ ಸರ್. ಫೈಲಲ್ಲಿ ಹೋಟೆಲ್ ಹೆಸರಿದೆ, ಮಾವನ ಹೆಸರಿದೆ. ಮೂರು ಕಡೆ ನಿಮ್ಮ ಸಹಿ ಇದೆ!"

ಜಗನ್ನಾಥರ ಮುಖ ಒಂದು ಗಳಿಗೆ ಬಿಳಿಚಿತು. ಆದರೆ ಮೂವತ್ತು ವರ್ಷದ ಸರ್ಕಾರಿ ಅನುಭವ ಬೇಗ ಕೈಹಿಡಿಯಿತು. ದನಿ ತಗ್ಗಿಸಿದರು. "ಅಚ್ಛಾ, ಅಚ್ಛಾ. ಕೂಗಾಡಬೇಡ, ಮೇಡಂ ಇದ್ದಾರೆ. ಏಕನಾಥನಿಗೆ ನಾನೇ ಫೋನ್ ಮಾಡ್ತೀನಿ. ಒಳ್ಳೆಯವನು, ನಮ್ಮವನೇ. ಹುಡುಗನಿಗೆ ಬುದ್ಧಿ ಹೇಳ್ತಾನೆ. ಊಟ ಮುಗಿದ ಮೇಲೆ ಕೂತು ಮಾತಾಡೋಣ."

ಇಲ್ಲಿಗೆ ಧಾರಿಣಿಯ ಸಹನೆ ಕಿತ್ತುಹೋಯಿತು. ಅಪ್ಪನ ಸ್ನೇಹಿತರು, ಚಿಕ್ಕಂದಿನಲ್ಲಿ ಅವಳಿಗೆ ಲೆಕ್ಕ ಹೇಳಿಕೊಟ್ಟವರು, ಎಲ್ಲ ಮರೆತುಹೋಯಿತು.

"ಅವಳ ಕೈಯನ್ನ ಕಾವಲಿ ಮೇಲೆ ಇಟ್ಟಾಗಲೂ ನಿಮ್ಮ ಏಕನಾಥ ಪಕ್ಕದಲ್ಲೇ ಇದ್ರು ಸರ್! ವಾಸನೆ ಬಂದಿರಬೇಕಲ್ಲ! ಆಗ ಯಾಕೆ ಬುದ್ಧಿ ಹೇಳ್ಲಿಲ್ಲ? ನಮ್ಮವನು, ನಮ್ಮವನು ಅಂತೀರಲ್ಲ, ಅವಳು ಯಾರವಳು?"

ಕನ್ನಡದಲ್ಲಿ ಕಿರುಚಿದ್ದು ನಲವತ್ತು ಜನಕ್ಕೆ ಅರ್ಥವಾಗಲಿಲ್ಲ. ಅವಳೇ ಮೈಕು ಹಿಡಿದು ಹಿಂದಿಯಲ್ಲಿ ಹೇಳಿದಳು. ಈಗ ಊಟ ತಂದವರಲ್ಲಿ ಒಬ್ಬ ಈ ಹೆಂಗಸಿನ ಗಂಡ, ಅವಳೆಲ್ಲಿದ್ದಾಳೆಂದು ನಾವೇ ಅವನಿಗೆ ತೋರಿಸಿಕೊಟ್ಟೆವು, ಅವನು ಹೊರಟೂ ಹೋದ. ಗುರುಗ್ರಾಮದ ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡು ಆಳವಾಗಿ ಉಸಿರೆಳೆದುಕೊಂಡರು. ಮಿನಿಸ್ಟ್ರಿಯ ಮೇಡಂ ಫೋನು ನೋಡತೊಡಗಿದರು. ಎರಡು ದಿನದಿಂದ "ತುರ್ತು ಸಂದರ್ಭದಲ್ಲಿ ಮೊದಲ ಹತ್ತು ನಿಮಿಷ" ಎಂದು ಚಾರ್ಟು ಬರೆದು ಗೋಡೆಗೆ ಅಂಟಿಸಿದವರು, ಒಬ್ಬರಾದರೂ ಜಾಗ ಬಿಟ್ಟು ಏಳಬೇಕಲ್ಲ!

ಎದ್ದವಳು ಕೊನೆಯ ಸಾಲಿನ ಆ ಕಾನ್‌ಸ್ಟೇಬಲ್. ಹೆಲ್ಮೆಟ್ಟು ಕೈಗೆತ್ತಿಕೊಂಡು, "ಚಲೋ ಮೇಡಂ, ಸ್ಕೂಟಿ ಇದೆ" ಎಂದಳು.

ದಾರಿಯುದ್ದಕ್ಕೂ ಧಾರಿಣಿ ಫೋನು ಒತ್ತಿದಳು. ನೀಲಾವತಿ ತೆಗೆಯುವಂತಿರಲಿಲ್ಲ. ಹೊಲಿಗೆಯವರ ಫೋನುಗಳನ್ನೆಲ್ಲ ಗೇಟಿನಲ್ಲೇ ಇಡಿಸಿಕೊಳ್ಳುತ್ತಿದ್ದರು. ಸೂಪರ್‌ವೈಸರ್ ಮೂರನೇ ಸಲಕ್ಕೆ ತೆಗೆದಳು. ಯಾರನ್ನೂ ಒಳಗೆ ಬಿಡಬೇಡಿ ಎಂದು ಅರಚಿ ಹೇಳುವಷ್ಟರಲ್ಲಿ ನೆಹರೂ ಪ್ಲೇಸಿನ ಸಿಗ್ನಲ್ಲಿನಲ್ಲಿ ಗಾಡಿ ಸಿಕ್ಕಿಬಿತ್ತು. ಯಾರನ್ನು ಬೈಯಬೇಕು? ಜಗನ್ನಾಥರನ್ನು ಮನಸ್ಸಿನಲ್ಲೇ ಬೈದಳು, ಏಕನಾಥನನ್ನು ಬೈದಳು, ಸರೋವರದವಳನ್ನೂ ಬೈದಳು. ಬೈಗುಳ ಸುತ್ತಿ ಸುತ್ತಿ ತನ್ನ ಬಳಿಯೇ ಬಂದು ನಿಂತಿತು. ಹನ್ನೊಂದು ವರ್ಷದ ಅನುಭವ. ಗೌಪ್ಯತೆಯ ಪಾಠವನ್ನು ಹೊಸಬರಿಗೆ ಕಲಿಸುವವಳು ತಾನೇ. ಅರ್ಧ ಗಂಟೆ ಕೂತು ಮುಖ ಮಸುಕು ಮಾಡಿದ ದಡ್ಡಿ, ಕಣ್ಣೆತ್ತಿ ಬೋರ್ಡು ನೋಡಲಿಲ್ಲ. ಯಾಕೆ ನೋಡಲಿಲ್ಲವೆಂದೂ ಅವಳಿಗೆ ಗೊತ್ತಿತ್ತು. ಆ ಗೇಟು ಅವಳ ಹೆಮ್ಮೆಯಾಗಿತ್ತು.

ಓಖ್ಲಾದಲ್ಲಿ ಆ ನೀಲಿ ಗೇಟಿನ ಮುಂದೆ ರಿತೇಶ್ ನಿಂತಿದ್ದ. ಹೋಟೆಲಿನ ಏಪ್ರನ್ ಕೂಡ ಬಿಚ್ಚಿರಲಿಲ್ಲ. "ನನ್ನ ಹೆಂಡತಿ, ನನ್ನ ಮಗಳು, ನೀನ್ಯಾರು ತಡೆಯೋಕೆ" ಎಂದು ಕಾವಲುಗಾರನ ಕಾಲರ್ ಹಿಡಿದಿದ್ದ. ಕಾನ್‌ಸ್ಟೇಬಲ್ ಸ್ಕೂಟಿಗೆ ಸ್ಟ್ಯಾಂಡು ಹಾಕಿದವಳೇ ಹೋಗಿ ಅವನ ಕೈ ತಿರುಚಿ ಗೋಡೆಗೆ ಒತ್ತಿದಳು. "ನೀವು ಒಳಗೆ ಹೋಗಿ ಮೇಡಂ. ಇವನನ್ನ ಠಾಣೆಗೆ ಒಯ್ಯುತ್ತೇನೆ. ಆದರೆ ಸಂಜೆಯೊಳಗೆ ಯಾರಾದರೂ ಬಿಡಿಸಿಕೊಂಡು ಹೋಗುತ್ತಾರೆ, ನಿಮಗೂ ಗೊತ್ತಲ್ಲ" ಎಂದಳು.

ಗೊತ್ತಿತ್ತು. ಬಿಡಿಸುವವನು ಏಕನಾಥ. ಅವನಿಗಾಗಿ ಫೋನು ಮಾಡುವವರು ಯಾರೆಂದೂ ಗೊತ್ತಿತ್ತು.

ನೀಲಾವತಿ ಮೆಟ್ಟಿಲ ಬಳಿ ನಿಂತಿದ್ದಳು. ನಿದ್ದೆಗಣ್ಣಿನ ನಿರೀಕ್ಷಾ ಅವಳ ಸೊಂಟದ ಮೇಲಿದ್ದಳು. ಪಕ್ಕದ ಮಶೀನಿನ ಬಿಹಾರದ ಹೆಂಗಸು ತಾಯಿ ಮಗಳಿಬ್ಬರ ಚೀಲಗಳನ್ನೂ ಹಿಡಿದು ಜೊತೆಗಿದ್ದಳು. ಗೇಟಿನ ಕೂಗಾಟ ಒಳಗೂ ಕೇಳಿಸಿತ್ತು.

"ಅವರಿಗೆ ಹೇಗೆ ಗೊತ್ತಾದದ್ದು ಅಕ್ಕ?"

ಧಾರಿಣಿಯ ನಾಲಿಗೆಯ ತುದಿಗೆ ಇಲಾಖೆಯ ಮಾತುಗಳು ಸಾಲಾಗಿ ಬಂದು ನಿಂತವು. ಮಾಹಿತಿ ಸೋರಿಕೆ. ಆಕಸ್ಮಿಕ. ತನಿಖೆ ಮಾಡುತ್ತೇವೆ. ಎಲ್ಲವನ್ನೂ ನುಂಗಿಕೊಂಡಳು.

"ನನ್ನಿಂದ" ಎಂದಳು. "ಟ್ರೈನಿಂಗಿನಲ್ಲಿ ನಿನ್ನ ಕತೆ ಹೇಳ್ದೆ. ಆ ಫೋಟೋ ಹಾಕಿದ್ದೆ. ಮುಖ ಕಾಣದ ಹಾಗೆ ಮಾಡಿದ್ದೆ, ಬೋರ್ಡು ನೋಡ್ಲಿಲ್ಲ. ಊಟ ತಂದವರಲ್ಲಿ ಅವನಿದ್ದ."

ನೀಲಾವತಿ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಧಾರಿಣಿಗೆ ಎಷ್ಟೋ ಹಗುರವಾಗುತ್ತಿತ್ತು.

"ಆ ಫೋಟೋ ತೆಗೆಸಿದ್ದು ಅಮ್ಮನಿಗೆ ಕಳಿಸ್ಲಿಕ್ಕೆ" ಎಂದಳು. "ಆಮೇಲೆ ನೋಡಿದ್ರೆ ಬೋರ್ಡು ಕಾಣ್ತದೆ. ಅಮ್ಮ ಯಾರಿಗಾದ್ರೂ ತೋರಿಸಿದ್ರೆ ಅಂತ ಹೆದರಿ ನಾನು ಅಮ್ಮನಿಗೂ ಕಳಿಸ್ಲಿಲ್ಲ ಅಕ್ಕ."

ಮೇಲಿನ ಮಹಡಿಯಲ್ಲಿ ಮಶೀನುಗಳು ಮತ್ತೆ ಶುರುವಾದವು. ಏನಾದರೂ ಹೇಳಲೇಬೇಕಾಗಿತ್ತು. "ನೋಯ್ಡಾದಲ್ಲಿ ಇನ್ನೊಂದು ವಸತಿಗೃಹ ಇದೆ. ಈಗಲೇ ಕರ್ಕೊಂಡು ಹೋಗ್ತೀನಿ" ಎಂದಳು ಧಾರಿಣಿ.

"ಅಲ್ಲಿಗೆ ಸೇರಿಸ್ಲಿಕ್ಕೆ ಕಾಗದ ಉಂಟಾ? ಯಾರು ಸಹಿ ಹಾಕುದು?"

ಸಹಿ ಹಾಕುವವರು ಜಗನ್ನಾಥರು. ಧಾರಿಣಿಯ ಮುಖದಲ್ಲೇ ನೀಲಾವತಿ ಅದನ್ನು ಓದಿಕೊಂಡಳು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, ಸರಕಿನ ಲಾರಿಗಳು ಬರುವ ಹಿಂದಿನ ಗೇಟಿನತ್ತ ತಿರುಗಿದಳು. ಬಿಹಾರದವಳು ಆಗಲೇ ಮುಂದೆ ಹೋಗಿ ಆಟೋ ನಿಲ್ಲಿಸಿದ್ದಳು.

"ಎಲ್ಲಿಗೆ ಹೋಗ್ತೀಯ ನೀಲಾ?"

"ಅದನ್ನು ನಿಮಗೆ ಹೇಳುದಿಲ್ಲ ಅಕ್ಕ" ಎಂದಳು ನೀಲಾವತಿ. ದನಿಯಲ್ಲಿ ಸಿಟ್ಟಿರಲಿಲ್ಲ. ಹಿರಿಯರೊಬ್ಬರಿಗೆ ಬರುತ್ತೇನೆಂದು ಹೇಳಿ ಹೊರಡುವವರ ಹಾಗೆ ಒಮ್ಮೆ ತಲೆಯಾಡಿಸಿ ಆಟೋ ಹತ್ತಿದಳು. ಧಾರಿಣಿ ಆಟೋದ ನಂಬರು ನೋಡಬಾರದೆಂದು ಬೇಕೆಂದೇ ನೆಲದ ಕಡೆ ಕಣ್ಣಿಟ್ಟಳು.

ಫೋನು ಹೊಡೆದುಕೊಂಡಿತು. ಜಗನ್ನಾಥರು.

"ಧಾರಿಣಿ, ಎಲ್ಲ ಸರಿಹೋಯ್ತಾ? ಏಕನಾಥ ತುಂಬಾ ಬೇಜಾರು ಮಾಡ್ಕೊಂಡಿದ್ದಾನೆ, ಪಾಪ. ಮೇಡಂ ಒಂದು ರಿಪೋರ್ಟ್ ಕೇಳ್ತಿದ್ದಾರೆ, ಇವತ್ತೇ ಕೊಡಬೇಕು. ಆ ಹುಡುಗಿ ಈಗ ಎಲ್ಲಿದ್ದಾಳೆ ಅಂತ ಬರೀಬೇಕಲ್ಲ. ಎಲ್ಲಿದ್ದಾಳೆ?"

"ಗೊತ್ತಿಲ್ಲ ಸರ್."

"ಗೊತ್ತಿಲ್ಲ ಅಂದ್ರೆ? ನಿನ್ನ ಕೇಸಲ್ವೇನಮ್ಮ ಅದು? ನನಗೆ ಹೇಳೋದಕ್ಕೇನು?"

"ನನಗೂ ಹೇಳ್ಲಿಲ್ಲ ಸರ್" ಎಂದಳು ಧಾರಿಣಿ. ಸಿಟ್ಟು ಇನ್ನೂ ಆರಿರಲಿಲ್ಲ. "ಹೇಳದೇ ಇದ್ದದ್ದೇ ಒಳ್ಳೇದಾಯ್ತು. ಹಾಗೇ ಬರ್ಕೊಳ್ಳಿ."