ಮುನಿರತ್ನಳ ಎಡೆ

ಇಟಲಿಯ ಕಾದಂಬರಿಗಾರ್ತಿಯೊಬ್ಬಳ ಮೇಲೆ ಎಂ.ಫಿಲ್. ಮಾಡುತ್ತೇನೆ ಎಂದಾಗ ಹೊಸೂರಿನ ಕಾರ್ಖಾನೆಯಲ್ಲಿ ದುಡಿಯುವ ಸಹನಾಳ ಅಪ್ಪ ನಕ್ಕುಬಿಟ್ಟಿದ್ದರು. ಯಾವುದೋ ದೇಶದ ಹೆಂಗಸರ ಸ್ನೇಹ ಕಟ್ಟಿಕೊಂಡು ನಿನಗೇನಾಗಬೇಕು ಎಂದು ಕೇಳಿದ್ದರು. ಸಹನಾ ಹಟಮಾರಿ, ಇಂಗ್ಲಿಷಿಗೆ ಬಂದದ್ದನ್ನೆಲ್ಲ ಓದಿ ಮುಗಿಸಿದಳು. ಒಂದು ಕಾದಂಬರಿಯಲ್ಲಿ ಊರಿಗೆ ಊರೇ ಗೆಳತಿಯ ಬಗ್ಗೆ ಸುಳ್ಳಾಡುವಾಗ ಒಬ್ಬಳು ಎಲ್ಲರೆದುರು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾಳೆ. ಸ್ನೇಹವೆಂದರೆ ಇದು ಎಂದು ಸಹನಾ ಒಂದು ಅಧ್ಯಾಯವನ್ನೇ ಬರೆದಳು.

ಜೊತೆಯಲ್ಲಿ ಎಂ.ಎ. ಓದಿದ ಮುನಿರತ್ನ ಮಾತ್ರ ಒಪ್ಪಿರಲಿಲ್ಲ. ಆ ಊರಲ್ಲಿ ಚಿಕ್ಕಪ್ಪಂದಿರು ಇರಲಿಲ್ಲವೇನೋ ಎಂದು ಪುಸ್ತಕ ವಾಪಸು ಕೊಟ್ಟಿದ್ದಳು.

ಆ ಮುನಿರತ್ನ ಈಗ ಊರಿನ ಲೆಕ್ಕದಲ್ಲಿ ಸತ್ತವಳು. ಡೆಂಕಣಿಕೋಟೆಯಾಚೆ ಅವಳ ಹಳ್ಳಿಯ ಕೆರೆ ಏರಿಯ ಮೇಲೆ ಚಪ್ಪಲಿ ಸಿಕ್ಕಿತ್ತು, ಹೆಣ ಸಿಕ್ಕಿರಲಿಲ್ಲ. ಸಹನಾ ಊಟ ಬಿಟ್ಟು ಅತ್ತಿದ್ದಳು. ಹೋದ ತಿಂಗಳು ಕೃಷ್ಣಗಿರಿ ಬಸ್ ಸ್ಟ್ಯಾಂಡಿನಲ್ಲಿ ಆ ಸತ್ತವಳೇ ಸಹನಾಳ ಎದುರಿಗೆ ಬಂದಳು. ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ, ಮಾವಿನ ಹಣ್ಣಿನ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದಾಳಂತೆ. ಯಾರಿಗೂ ಹೇಳಬೇಡ ಎಂದು ಕೈ ಹಿಡಿದು ಬೇಡಿಕೊಂಡಳು.

ಅಂದಿನಿಂದ ಸಹನಾಳ ನೆಮ್ಮದಿ ಕೆಟ್ಟಿತು. ಪುಸ್ತಕ ತೆರೆದರೆ ಮುನಿರತ್ನಳ ತಾಯಿ ಕದಿರಮ್ಮ ಕಣ್ಣಿಗೆ ಕಟ್ಟುತ್ತಿದ್ದಳು, ಬದುಕಿರುವ ಮಗಳಿಗಾಗಿ ಅಳುತ್ತ. ಕೊನೆಗೆ ಹಿರಿಯರ ಹಬ್ಬದ ದಿನ, ಹೇಳಿಯೇ ಬಿಡುವುದೆಂದು ಹಳ್ಳಿಗೆ ಹೊರಟಳು.

ನಡುಮನೆಯಲ್ಲಿ ಸತ್ತವರಿಗೆಲ್ಲ ಎಡೆ ಇಟ್ಟಿದ್ದರು. ಅಜ್ಜ ಅಜ್ಜಿಯರ ಪಕ್ಕದಲ್ಲಿ ಮುನಿರತ್ನಳಿಗೂ ಒಂದೆಲೆ, ಹಸಿರು ಸೀರೆ ಉಡಿಸಿದ ಒಂದು ಕಳಸ. ಧೂಪ ಹಾಕಿ, ಹಿರಿಯರು ಬಂದು ಉಂಡು ಹೋಗಲಿ ಎಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಜಗಲಿಯಲ್ಲಿ ಕಾದು ಕೂತರು. ಒಳಗಡೆ ಬಳೆ ಸದ್ದಾದ ಹಾಗಾಯಿತು. ಅವಳು ಬದುಕಿದ್ದಾಳೆಂದು ಚೆನ್ನಾಗಿ ಗೊತ್ತಿದ್ದ ಸಹನಾಳೇ ಕಿವಿಗೊಟ್ಟು ಕೂತಳು. ಬಸ್ ಸ್ಟ್ಯಾಂಡಿನಲ್ಲಿ ಹಿಡಿದ ಆ ಕೈ ಬೆಚ್ಚಗಿತ್ತೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಬಾಗಿಲು ತೆರೆದರು. ಹೆಣವೇ ಸಿಗದವಳಿಗೆ ಯಾಕಮ್ಮ ಎಡೆ ಎಂದು ಸಹನಾ ಶುರುಮಾಡುವಷ್ಟರಲ್ಲಿ ಕದಿರಮ್ಮ ಆ ಎಲೆಯ ಮೇಲಿನ ಕಜ್ಜಾಯ ಮುರಿದು ಅವಳ ಬಾಯಿಗೆ ತುರುಕಿದಳು. ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಚಪ್ಲಿ ಬುಟ್ಟೋಳು ನಾನೇ ಕಣವ್ವ," ಎಂದಳು ಪಿಸುಮಾತಿನಲ್ಲಿ. "ಸತ್ತೋರ್ನ ಯಾರೂ ಹುಡುಕ್ಕೊಂಡ್ ಹೋಗಲ್ಲ."

ಮೈದುನ ಮುತ್ತರಾಯಪ್ಪ ಮಗಳನ್ನೂ ಆ ಹುಡುಗನನ್ನೂ ಕಡಿದು ಹಾಕುತ್ತೇನೆಂದು ಮಚ್ಚು ಮಸೆದಿಟ್ಟಿದ್ದನಂತೆ. ಮಗಳನ್ನು ಹಿತ್ತಲ ಬಾಗಿಲಿಂದ ಕಳಿಸಿದವಳು ಇವಳೇ. ಆಮೇಲೆ ಒಂದು ಸುದ್ದಿಯೂ ಇಲ್ಲ. ಕಾಡಂಚಿನ ದಾರಿ, ಆನೆ ಓಡಾಡುವ ಜಾಗ, ಮುಟ್ಟಿದಳೋ ಇಲ್ಲವೋ ತನಗೂ ತಿಳಿಯದು ಎಂದಳು. ಸಹನಾ ಬಾಯಲ್ಲಿದ್ದುದನ್ನು ನುಂಗಿ ಮಾತಾಡಬೇಕು, ಅಷ್ಟರಲ್ಲಿ ಮುತ್ತರಾಯಪ್ಪ ಬಾಗಿಲಲ್ಲಿ ಬಂದು ನಿಂತ.

"ಕೃಷ್ಣಗಿರಿ ತಾವ ಅವ್ಳಂಗೇ ಇರೋಳ್ನ ಯಾರೋ ನೋಡಿದ್ರಂತೆ. ನೀನೂ ಅವ್ಳೂ ಒಂದೇ ಜೀವ ಇದ್ದಂಗಿದ್ರಿ. ನಿಜ ಹೇಳಮ್ಮಿ, ಅವ್ಳು ಇದಾಳಾ?"

ಹೊರಗಿದ್ದವರೆಲ್ಲ ಇತ್ತ ತಿರುಗಿದರು. ಸಹನಾ ಕಜ್ಜಾಯ ನುಂಗಿ ಅವನತ್ತ ನೋಡಿದಳು.

"ಇಲ್ಲ ಚಿಕ್ಕಪ್ಪ. ಇದ್ದಿದ್ರೆ ನನ್ನ ಹತ್ರ ಬರದೇ ಇರ್ತಿದ್ಲಾ? ರತ್ನ ಸತ್ತೋಗವ್ಳೆ."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಕೈ ತೊಳೆದು ಅಲ್ಲೇ ಹೊಸಿಲಾಚೆ ಎಲೆ ಮುಂದೆ ಕೂತ.

ಕದಿರಮ್ಮ ನಿಂತಲ್ಲೇ ಕುಸಿದಳು. ಒಳಗಿನ ಕರುಳು ಕಿತ್ತು ಬಂದಂತೆ ಅತ್ತಳು. ನಟನೆಯಿರಬಹುದೆಂದು ಸಹನಾ ಒಂದು ಗಳಿಗೆ ಅಂದುಕೊಂಡಳು. ತಬ್ಬಿ ಹಿಡಿದಾಗ ಆ ಮೈ ನಡುಗುತ್ತಿದ್ದ ರೀತಿಯಿಂದಲೇ ನಿಜ ಗೊತ್ತಾಯಿತು. ತಾಯಿ ಆ ಮಾತನ್ನು ನಂಬಿಬಿಟ್ಟಿದ್ದಳು.

ಕಿವಿಯಲ್ಲಿ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಅಳು ತಟ್ಟನೆ ನಿಂತರೆ ಮುತ್ತರಾಯಪ್ಪ ತಲೆ ಎತ್ತುತ್ತಾನೆ. ಅವನ ಊಟ ಮುಗಿಯುವ ತನಕ ಸಹನಾ ಆ ತಾಯಿಯನ್ನು ಅಳಲು ಬಿಟ್ಟಳು.